ಉಪದೇಶಿ ಮನೆಯ ಮಗಳನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಪ್ಪ ಕ್ರೈಸ್ತ ಸಭೆಯ ಉಪದೇಶಿಯಾಗಿದ್ದರು, ಅಂದರೆ ಹಳ್ಳಿಯಲ್ಲಿದ್ದು ಸುವಾರ್ತೆ ಹೇಳುವವರು. 1981ರಿಂದ 1992ರವರೆಗೆ ನಮ್ಮ ಮನೆ ಇದ್ದದ್ದು ಅಂಕೋಲಾ ತಾಲೂಕಿನ ಒಳಗೆ, ಗಂಗಾವಳಿ ಹೊಳೆ ದಾಟಿ ಹೋಗಬೇಕಾದ ಒಂದು ಹಳ್ಳಿಯಲ್ಲಿ. ಮದುವೆ ಊಟದ ಪಂಕ್ತಿ, ಆಫೀಸಿನ ಚಹಾ ಹೊತ್ತು, ಹುಬ್ಬಳ್ಳಿ ಬಸ್ಸು, ಎಲ್ಲಿ ಈ ವಿಷಯ ಬಂದರೂ ಜನ ಕೇಳುವ ಪ್ರಶ್ನೆಗಳು ಮಾತ್ರ ಅವೇ. ಪ್ರತಿ ಸಲ ಮೊದಲಿಂದ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮಿಷನರಿ ಅಂದ್ರೆ ಬಿಳಿ ಜನ ಅಲ್ವಾ? ನೀವು ನಮ್ಮ ಥರಾನೇ ಇದ್ದೀರಿ!

ಅಪ್ಪ ಧಾರವಾಡದ ಕಡೆಯವರು, ಅಮ್ಮ ಮಂಗಳೂರಿನವರು. ಇಬ್ಬರ ಮನೆಯೂ ಅಜ್ಜಂದಿರ ಕಾಲದಿಂದ ಬಾಸೆಲ್ ಮಿಷನ್ ಸಭೆಯದ್ದು, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಪ್ರೊಟೆಸ್ಟಂಟ್ ಮಿಷನ್ ಅದು. ಬಿಳಿ ಮಿಷನರಿಗಳ ಕತೆ ನಮಗಿಂತ ಬಹಳ ಹಿಂದಿನದು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಠಾಣ್ಯ ಹಾಕಿದರು. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಶಿಬಿರಗಳಲ್ಲಿ ಕೂಡಿಹಾಕಿ ಆಮೇಲೆ ಅವರ ದೇಶಕ್ಕೆ ಸಾಗಹಾಕಿದರು. ಅವರು ಬಿಟ್ಟುಹೋದ ಕೆಲಸ ಮಾಡಿದ್ದು ಇಲ್ಲಿನ ಜನವೇ. ಅಪ್ಪ ಆ ಸಾಲಿನ ತೀರಾ ಕೊನೆಯಲ್ಲಿ ನಿಂತವರು.

ಇನ್ನೊಂದು ಮಾತು. ನಮ್ಮ ಗಂಗಾವಳಿ ಹುಟ್ಟುವುದು ಧಾರವಾಡದ ಹತ್ತಿರವೇ. ಮೇಲೆ ಅದಕ್ಕೆ ಬೇಡ್ತಿ ಅಂತ ಹೆಸರು. ಹಾಗಾಗಿ ಅಪ್ಪ ತಮಾಷೆಗೆ, "ನಾನು ಹೊಳೆ ಹಿಡಿದುಕೊಂಡು ಘಟ್ಟ ಇಳಿದವ" ಎನ್ನುತ್ತಿದ್ದರು.

ಊರು ಯಾವುದು?

ಹೇಳುವುದಿಲ್ಲ. ಇರುವುದೇ ನಲವತ್ತು ಚಿಲ್ಲರೆ ಮನೆ. ಹೆಸರು ಹೇಳಿದರೆ ಯಾವ ಮಾತು ಯಾರ ಮನೆಯದ್ದು ಅಂತ ಅಂಕೋಲೆ ಪೇಟೆಯಲ್ಲಿ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಪಾದ್ರಿ, ಫಾದರ್, ಪಾಸ್ಟರ್, ಉಪದೇಶಿ ಎಲ್ಲ ಒಂದೇನಾ?

ಅಲ್ಲ. ಫಾದರ್ ಅಂದರೆ ಕಥೋಲಿಕ ಸಭೆಯ ಗುರುಗಳು, ಅವರಿಗೆ ಮದುವೆ ಇಲ್ಲ. ನಮ್ಮ ಪ್ರೊಟೆಸ್ಟಂಟ್ ಕಡೆ ಸಭಾಪಾಲಕರು ಇರುತ್ತಾರೆ, ಅವರಿಗೆ ಸಂಸಾರ ಉಂಟು. ಉಪದೇಶಿ ಅವರಿಗಿಂತ ಒಂದು ಮೆಟ್ಟಿಲು ಕೆಳಗೆ. ಪ್ರಾರ್ಥನೆ ನಡೆಸಬಹುದು, ಪ್ರಸಂಗ ಹೇಳಬಹುದು, ಮಕ್ಕಳಿಗೆ ಕಲಿಸಬಹುದು. ದೀಕ್ಷಾಸ್ನಾನ ಕೊಡುವ ಹಾಗಿಲ್ಲ, ಕರ್ತನ ಭೋಜನ ಬಡಿಸುವ ಹಾಗಿಲ್ಲ. ಅದಕ್ಕೆ ಪಾಲಕರೇ ಬರಬೇಕು. ಅವರು ವರ್ಷಕ್ಕೆ ಎರಡು ಸಲ ಬರುತ್ತಿದ್ದರು, ಮಳೆಗಾಲದಲ್ಲಂತೂ ಇಲ್ಲವೇ ಇಲ್ಲ.

ಊರವರಿಗೆ ಈ ಮೆಟ್ಟಿಲುಗಳೆಲ್ಲ ಬೇಕಾಗಿರಲಿಲ್ಲ. ಅಪ್ಪ 'ಪಾದ್ರಿ ಮಾಸ್ತರು', ಅಮ್ಮ 'ಅಕ್ಕೋರು'. ಪಾದ್ರಿ ಪೋರ್ಚುಗೀಸರು ಬಿಟ್ಟುಹೋದ ಮಾತು. ಮೇಜು, ಚಾವಿ, ಇಗರ್ಜಿ, ಬಟಾಟೆ ಎಲ್ಲ ಅವರದ್ದೇ. ಪಗಾರ ಅನ್ನುವ ಮಾತೂ ಅವರದ್ದೇ. ಆ ಮಾತು ನಮ್ಮ ಮನೆಗೆ ತಿಂಗಳು ತಿಂಗಳೂ ಸರಿಯಾಗಿ ಬರುತ್ತಿರಲಿಲ್ಲ ಅಷ್ಟೇ.

ಈ ಕರಾವಳಿಯಲ್ಲಿ ಕ್ರೈಸ್ತರು ಯಾವಾಗಿನಿಂದ ಇದ್ದಾರೆ?

ನಮಗಿಂತ ಬಹಳ ಮೊದಲಿನಿಂದ. ಉತ್ತರ ಕನ್ನಡದಲ್ಲಿ ಕ್ರೈಸ್ತರು ಅಂದರೆ ಜಾಸ್ತಿ ಕೊಂಕಣಿ ಮಾತಾಡುವ ಕಥೋಲಿಕರೇ. ಪೋರ್ಚುಗೀಸರ ಕಾಲದಲ್ಲಿ ಗೋವೆ ಕಡೆಯಿಂದ ಬಂದು ನೆಲೆಸಿದವರು. 1681ರಿಂದ 1684ರವರೆಗೆ ಗೋವೆಯ ಪಾದ್ರಿ ಜೋಸೆಫ್ ವಾಜ್ ಕೆನರಾದಲ್ಲಿ, ಅಂದರೆ ಈ ಕರಾವಳಿಯಲ್ಲಿ, ಊರೂರು ತಿರುಗಿದರು. ಆಮೇಲೆ ಸಿಂಹಳಕ್ಕೆ ಹೋದರು, 2015ರಲ್ಲಿ ಅವರನ್ನು ಸಂತರೆಂದು ಸಾರಿದರು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಎಷ್ಟೋ ಇಗರ್ಜಿಗಳು ಹಾಳುಬಿದ್ದವು. ಕುಮಟೆ ಹತ್ತಿರದ ಚಂದಾವರದ ಇಗರ್ಜಿ ಹಬ್ಬಕ್ಕೆ ಈಗಲೂ ಎಲ್ಲ ಜಾತಿಯವರೂ ಹೋಗುತ್ತಾರೆ. ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿಗಳಲ್ಲೂ ಕಥೋಲಿಕರಿದ್ದಾರೆ. ಕಾರವಾರ ಬೇರೆಯೇ ಧರ್ಮಪ್ರಾಂತ್ಯವಾದದ್ದು 1976ರಲ್ಲಿ. ಇದರ ನಡುವೆ ಕನ್ನಡ ಮಾತಾಡುವ ಪ್ರೊಟೆಸ್ಟಂಟರು ಊಟದ ಎಲೆಯಲ್ಲಿ ಉಪ್ಪಿನಷ್ಟು.

ಅಲ್ಲಿಗೆ ಹೋಗೋದು ಹೇಗಿತ್ತು?

ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆಯ ಬಸ್ಸು ಹಿಡಿದು, ಘಟ್ಟ ಏರುವ ಮೊದಲೇ ಇಳಿಯಬೇಕು. ಗದ್ದೆ ಬದುವಿನ ಮೇಲೆ ಅರ್ಧ ಗಂಟೆ. ಆಮೇಲೆ ದೋಣಿ. ದೋಣಿಯ ಆಚೆ ಇನ್ನೊಂದು ಗಂಟೆ, ನಡುವೆ ಎರಡು ಹಳ್ಳ, ಎರಡಕ್ಕೂ ಅಡಿಕೆ ಮರದ ಸಂಕ. ಬೇಸಿಗೆಯಲ್ಲಿ ಇದು ಸುಖದ ದಾರಿ. ಜೂನ್ ಎರಡನೇ ವಾರದಿಂದ ಬೇರೆಯೇ ಲೋಕ. ಹೊಳೆ ಕೆಂಪಾಗುತ್ತದೆ, ದೋಣಿಯನ್ನು ಮೇಲೆ ಎಳೆದು ಕವುಚಿ ಹಾಕುತ್ತಾರೆ. ಮುಗೀತು. ಆಚೆಯವರು ಆಚೆ, ಈಚೆಯವರು ಈಚೆ.

ಹಾಗಾಗಿ ಮೇ ತಿಂಗಳಲ್ಲಿ ಅಮ್ಮನಿಗೆ ತುರುಸಿನ ಕೆಲಸ. ಕುಚ್ಚಲಕ್ಕಿ, ಬೆಲ್ಲ, ಉಪ್ಪು, ಒಣಮೆಣಸು, ಒಣ ಬಾಂಗ್ಡೆ, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ. ಬೆಂಕಿಪೆಟ್ಟಿಗೆಗಳನ್ನು ಅಕ್ಕಿಯ ಡಬ್ಬಿಯೊಳಗೆ ಹೂತಿಡುತ್ತಿದ್ದರು, ಇಲ್ಲದಿದ್ದರೆ ಜುಲೈನಲ್ಲಿ ಕಡ್ಡಿ ಗೀರಿದರೆ ತಲೆಯೇ ಕಿತ್ತು ಬರುತ್ತಿತ್ತು. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ ಒಂದು ಕೋಲಿನ ತುದಿಗೆ ಸುಣ್ಣ ತಂಬಾಕಿನ ಬಟ್ಟೆಗಂಟು. ಆ ಕೋಲು ಬಾಗಿಲ ಹತ್ತಿರ, ಸತ್ಯವೇದದ ಗೂಡಿನ ಕೆಳಗೇ ಇರುತ್ತಿತ್ತು. ಹೊರಗೆ ಹೋಗುವವರು ಒಂದನ್ನು ಮರೆತರೂ ಇನ್ನೊಂದನ್ನು ಮರೆಯುತ್ತಿರಲಿಲ್ಲ. ಯಾವುದನ್ನು ಅಂತ ಕೇಳಬೇಡಿ.

ಮನೆ ಬಂಗಲೆ ಥರ ಇತ್ತಾ?

ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ನೆಲ, ಎರಡು ಕೋಣೆ, ಒಂದು ಉದ್ದ ಜಗಲಿ. ಜಗಲಿಯೇ ದೇವಾಲಯ, ಜಗಲಿಯೇ ಶಾಲೆ, ಜಗಲಿಯೇ ಹೊಲಿಗೆ ಕ್ಲಾಸು. ಮಾಡಿಗೆ ಹಳೆ ಮಂಗಳೂರು ಹೆಂಚು, ಬೇರೆ ಯಾವುದೋ ಕಟ್ಟಡದಿಂದ ಇಳಿಸಿ ತಂದಿದ್ದು. ಕೆಲವು ಹೆಂಚುಗಳ ಹೊಟ್ಟೆಯಲ್ಲಿ ಬಾಸೆಲ್ ಮಿಷನ್ ಅಂತ ಅಚ್ಚಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಶುರು ಮಾಡಿದ ಕಾರ್ಖಾನೆಯ ಮಾಲು. ರಾತ್ರಿ ಮಲಗಿ ಮೇಲೆ ನೋಡಿದರೆ ಲಾಟೀನಿನ ಬೆಳಕಿಗೆ ಆ ಅಕ್ಷರ ಕಾಣುತ್ತಿತ್ತು. ನಾನು ಮೊದಲು ಓದಿದ ಇಂಗ್ಲಿಷ್ ಅದು. ಮಿಷನ್ ನಮ್ಮ ತಲೆ ಮೇಲೆ ಇತ್ತು ಅಂತ ಹೇಳಿದರೆ ಅದು ಬರೀ ಮಾತಲ್ಲ.

ಏನು ತಿಂತಿದ್ರಿ?

ಎಲ್ಲರೂ ಕೇಳಬೇಕೆಂದಿರುವುದು ದನದ ಮಾಂಸದ ಬಗ್ಗೆ, ಕೇಳುವುದು ಮಾತ್ರ ಹೀಗೆ. ಆ ಊರಲ್ಲಿ ನಾವು ಅದನ್ನು ತಿನ್ನಲಿಲ್ಲ. ಸಿಗುತ್ತಲೂ ಇರಲಿಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ ಮೀನುಸಾರು, ಮೀನಿಲ್ಲದ ದಿನ ಅಪ್ಪೆಮಿಡಿ, ತಂಬುಳಿ. ಅಪ್ಪನಿಗೆ ಮಾತ್ರ ಜೋಳದ ರೊಟ್ಟಿ ಕನಸಿನಲ್ಲೂ ಬರುತ್ತಿತ್ತು. ಹುಬ್ಬಳ್ಳಿಯಿಂದ ಯಾರಾದರೂ ಕಟಕು ರೊಟ್ಟಿ ತಂದರೆ ಒಂದೊಂದನ್ನೇ ಲೆಕ್ಕ ಹಾಕಿ ತಿನ್ನುತ್ತಿದ್ದರು. ಕ್ರಿಸ್ಮಸ್‌ಗೆ ಕೇಕು ಅಂತ ಇರಲಿಲ್ಲ. ಅಮ್ಮ ಹೆಂಚಿನ ಮೇಲೆ, ಹೆಂಚಿನ ಕೆಳಗೆ ಕೆಂಡ ಇಟ್ಟು ಒಂದು ಸಲ ಪ್ರಯತ್ನ ಮಾಡಿದರು. ನಾಯಿಯೂ ಮೂಸಲಿಲ್ಲ. ಮುಂದಿನ ವರ್ಷದಿಂದ ಹಲಸಿನ ಎಲೆಯ ಕಡುಬು.

ಅಪ್ಪ ಏನು ಬೋಧನೆ ಮಾಡ್ತಿದ್ರು? ಜನ ಕೇಳ್ತಿದ್ರಾ?

ಕೇಳುತ್ತಿದ್ದರು. ಒಪ್ಪುತ್ತಿರಲಿಲ್ಲ, ಅಷ್ಟೇ.

ಅಪ್ಪ ಸೆಮಿನರಿಯಲ್ಲಿ ಕಲಿತ ಪ್ರಸಂಗಗಳು ಮೊದಲ ವರ್ಷವೇ ನೆಲ ಕಚ್ಚಿದವು. ಯೇಸು ಹೇಳಿದ ಬಿತ್ತುವವನ ಸಾಮ್ಯ ಗೊತ್ತಲ್ವಾ? ಒಬ್ಬ ಬಿತ್ತಲು ಹೊರಟ, ಕೆಲವು ಬೀಜ ದಾರಿಯ ಮಗ್ಗುಲಲ್ಲಿ ಬಿದ್ದವು, ಕೆಲವು ಬಂಡೆಯ ಮೇಲೆ, ಕೆಲವು ಮುಳ್ಳಿನಲ್ಲಿ. ಅಷ್ಟು ಹೇಳುವಷ್ಟರಲ್ಲಿ ಅಲ್ಲಿನ ಹಾಲಕ್ಕಿ ಬುಡಕಟ್ಟಿನ ಗೌಡ ಒಬ್ಬರು ನಡುವೆಯೇ ಬಾಯಿ ಹಾಕಿದರು. "ಅಂವ ಎಂತ ಮಳ್ಳ ಮಾಸ್ತರೆ? ಬಿತ್ತದ ಬೀಜ ಯಾರಾದ್ರೂ ದಾರಿ ಮೇಲೆ ಚೆಲ್ತರಾ?" ಸರಿಯಾದ ಮಾತು. ಅಲ್ಲಿ ಸಸಿಮಡಿ ಮಾಡಿ, ಸಸಿ ಕಿತ್ತು, ಬಗ್ಗಿ ಬಗ್ಗಿ ನೆಟ್ಟಿ ಮಾಡುವ ಜನ. ಒಂದು ಹಿಡಿ ಬೀಜ ದಾರಿಗೆ ಹೋದರೆ ಮನೆಯಲ್ಲಿ ಬೈಗಳು. ಪ್ಯಾಲೆಸ್ಟೈನಿನಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರು ಅಂತ ಅಪ್ಪ ವಿವರಿಸಿದರು. ಆಗ ಬಂದ ಪ್ರಶ್ನೆ: ಹಾಗಾದರೆ ಅಲ್ಲಿ ಮಳೆ ಎಷ್ಟು? ಆ ದಿನದ ಪ್ರಸಂಗ ಅಲ್ಲಿಗೆ ಮಳೆ ಬೆಳೆಯಲ್ಲಿ ಮುಗಿಯಿತು.

ತಪ್ಪಿಹೋದ ಕುರಿಯನ್ನು ಅಪ್ಪ ಬೇಗ ಬದಲಾಯಿಸಿದರು, ಅಲ್ಲಿ ಕುರಿ ಕಂಡವರೇ ಇರಲಿಲ್ಲ. ಬೆಟ್ಟಕ್ಕೆ ಮೇಯಲು ಹೋಗಿ ಸಂಜೆಗೆ ಬಾರದ ಗಬ್ಬದ ದನ ಅಂದರು. ಅದು ಎಲ್ಲರಿಗೂ ನಾಟಿತು. ಸೂಡಿ ಹಚ್ಚಿಕೊಂಡು ರಾತ್ರಿ ದನ ಹುಡುಕದ ಮನೆ ಆ ಊರಲ್ಲಿ ಇಲ್ಲ. ರೊಟ್ಟಿಯ ಮಾತು ಬಂದರೆ ಅನ್ನ ಅನ್ನುತ್ತಿದ್ದರು. ಪರಲೋಕದ ತಂದೆಗೆ ಮಾಡುವ ಪ್ರಾರ್ಥನೆಯಲ್ಲಿ ಅದೂ ಬೇಕಾಗಲಿಲ್ಲ. ಅಲ್ಲಿ ಕನ್ನಡದವರು ಮೊದಲೇ ಜಾಣತನದಿಂದ 'ಅನುದಿನದ ಆಹಾರ' ಅಂತ ಹಾಕಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಜಗಳ ದುಂದುಗಾರ ಮಗನ ಕತೆಯ ಮೇಲೆ. ಕಿರಿಯ ಮಗ ಹಿಸ್ಸೆ ಕೇಳಿ ತೆಗೆದುಕೊಂಡು ಎಲ್ಲ ಹಾಳು ಮಾಡಿ ಬರುತ್ತಾನೆ, ತಂದೆ ಕೊಬ್ಬಿದ ಕರು ಕೊಯ್ದು ಊಟ ಹಾಕುತ್ತಾನೆ, ಹಿರಿಯ ಮಗ ಮುನಿಸಿಕೊಳ್ಳುತ್ತಾನೆ. (ಕರುವನ್ನು ಅಪ್ಪ ಸುಮ್ನೆ 'ಹಬ್ಬದ ಅಡಿಗೆ' ಮಾಡಿಬಿಟ್ಟಿದ್ದರು.) ಆಗ ಊರಲ್ಲಿ ಭೂಸುಧಾರಣೆಯ ಬಿಸಿ ಇನ್ನೂ ಆರಿರಲಿಲ್ಲ. 1974ರ ಕಾಯ್ದೆಯ ಪ್ರಕಾರ ಗೇಣಿ ಭೂಮಿ ತಮ್ಮದಾಗಲಿ ಅಂತ 7 ನಂಬರ್ ಅರ್ಜಿ ಹಾಕಿದವರ ಕೇಸುಗಳು ಭೂನ್ಯಾಯ ಮಂಡಳಿಯಲ್ಲಿ ನಡೆಯುತ್ತಿದ್ದವು. ಗೇಣಿ ಭೂಮಿ ಕೈಗೆ ಬಂದ ಮನೆಗಳಲ್ಲಿ ಅಣ್ಣತಮ್ಮಂದಿರ ಹಿಸ್ಸೆ ಜಗಳ ಶುರುವಾಗಿತ್ತು. ಊರಿನ ತೀರ್ಪು ಒಂದೇ: ಹಿರಿಯನದ್ದು ಎಂತ ತಪ್ಪು? ಉಳಿದ ಗದ್ದೆಯೆಲ್ಲ ಅವನದೇ ತಾನೇ, ಆ ಊಟದ ಖರ್ಚು ಯಾರ ಪಾಲಿನದು? ಅಪ್ಪ ಹನ್ನೊಂದು ವರ್ಷ ಈ ಕತೆ ಹೇಳಿದರು, ಹನ್ನೊಂದು ವರ್ಷವೂ ಸೋತರು.

ಮೇಲಿನ ತೋಟದ ಹವ್ಯಕ ಭಟ್ಟರು ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಪಾತ್ರಗಳ ವಾದ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವರು. ಅವರ ಮನೆಯ ಜಗಲಿಯಲ್ಲಿ ಅಪ್ಪ ರಾತ್ರಿಯಿಡೀ ಕೂತು ಕೇಳಿದ್ದಾರೆ. ಆಮೇಲೆ ಅಪ್ಪನ ಪ್ರಸಂಗದ ಧಾಟಿಯೇ ಬದಲಾಯಿತು. ತಂದೆಯ ಪರ ಒಂದು ಮಾತು, ಹಿರಿಯ ಮಗನ ಪರ ಒಂದು ಮಾತು, ಎರಡೂ ಕಡೆ ಪಟ್ಟು. ಬಂದವರು ಹೆಚ್ಚಾಗಿ ಆ ವಾದ ಕೇಳಲೆಂದೇ ಬರುತ್ತಿದ್ದರು ಅನ್ನಿಸುತ್ತದೆ. ನನಗೂ ಅಪ್ಪನ ಪ್ರಸಂಗಗಳಲ್ಲಿ ನೆನಪಿರುವುದು ಹಿರಿಯ ಮಗನ ಮಾತುಗಳೇ.

ಅವರು ಓದ್ತಿದ್ದ ಕನ್ನಡ ಬೈಬಲ್ ಯಾವ ಕಾಲದ್ದು?

ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಕೆಲಸದಿಂದ. ಆಮೇಲೆ ತಿದ್ದಿ ತಿದ್ದಿ ಬಂದ ಪಾಠ ನಮ್ಮ ಮನೆಯಲ್ಲಿದ್ದದ್ದು. ಸಿದ್ದಿ ಮನೆಗಳಲ್ಲಿ ಆ ಕನ್ನಡ ಪೂರ್ತಿ ಹಿಡಿಯುತ್ತಿರಲಿಲ್ಲ, ಅವರ ಮನೆಮಾತು ಕೊಂಕಣಿಯ ಒಂದು ಬಗೆ. ಅಲ್ಲಿ ಅಪ್ಪ ಕೈಸನ್ನೆ ಜಾಸ್ತಿ ಮಾಡುತ್ತಿದ್ದರು.

ನಿಜ ಹೇಳಿ, ಮತಾಂತರ ಮಾಡೋಕೆ ತಾನೇ ಹೋಗಿದ್ದು?

ಹೌದು. ಅಪ್ಪನಿಗೆ ಆ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಸುವಾರ್ತೆ ಹೇಳುವುದೇ ಅವರ ಕೆಲಸ, ಅದಕ್ಕೇ ಪಗಾರ. ಹನ್ನೊಂದು ವರ್ಷದಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವರು ಮೂರು ಜನ. ಒಂದು ಗಂಡ ಹೆಂಡತಿ, ಒಬ್ಬ ಅಜ್ಜ. ಗಂಡ ಹೆಂಡತಿ ಎರಡು ವರ್ಷಕ್ಕೆ ಕೆಲಸ ಹುಡುಕಿಕೊಂಡು ಗೋವೆಗೆ ಹೋದರು. ಅಜ್ಜನಿಗೆ ಒಂದೇ ಚಿಂತೆ, ಸುಗ್ಗಿ ಕುಣಿತಕ್ಕೆ ಹೋಗಬಹುದೋ ಇಲ್ಲವೋ. ಪಾಲಕರು ಬೇಡ ಅಂದರು. ಅಜ್ಜ ತುರಾಯಿ ಕಟ್ಟಿಕೊಂಡು ಕುಣಿದರು, ಭಾನುವಾರ ಜಗಲಿಗೂ ಬಂದರು, ಕಾಲು ನೋವು ಅಂತ ಗೋಡೆಗೆ ಒರಗಿ ಕೂತರು. ಅಪ್ಪ ಕಂಡರೂ ಕಾಣದ ಹಾಗೆ ಇದ್ದರು.

ಅಪ್ಪ ಮಾಡಿದ ದೊಡ್ಡ ತಪ್ಪೂ ಹೇಳುತ್ತೇನೆ. ಎರಡನೇ ವರ್ಷ ಒಂದು ಮಗುವಿಗೆ ಜ್ವರ. ಅಪ್ಪ ಮಾತ್ರೆ ಕೊಡಲು ಹೋದವರು, ಮಗುವಿನ ಕೊರಳಲ್ಲಿದ್ದ ತಾಯತವನ್ನು ಬ್ಲೇಡಿನಿಂದ ಕತ್ತರಿಸಿ ಹಿತ್ತಲಿಗೆ ಎಸೆದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಹುಮ್ಮಸ್ಸು ಬುದ್ಧಿಗಿಂತ ಜಾಸ್ತಿ. ಮಗುವಿನ ಅಜ್ಜಿ ಒಂದು ಮಾತೂ ಆಡಲಿಲ್ಲ. ಮಗು ಹುಷಾರಾಯಿತು. ಮರುದಿನ ಅಪ್ಪ ಹೊಳೆಗೆ ಹೋದರೆ ದೋಣಿಯವರು ನೀರು ನೋಡುತ್ತಾ, "ದೋಣಿ ಸೋರ್ತದೆ ಮಾಸ್ತರೆ" ಅಂದರು. ಅದರ ಮರುದಿನವೂ ಸೋರಿತು. ಮೂರು ವಾರ ಬರೀ ಅಪ್ಪನಿಗೆ ಮಾತ್ರ ಸೋರಿತು. ಜಗಲಿಗೆ ಯಾರೂ ಬರಲಿಲ್ಲ, ಹಾಲು ಕೊಡುವ ಮನೆಯ ಎಮ್ಮೆ ಬತ್ತಿತು.

ಕೊನೆಗೆ ಅಮ್ಮ ಆ ಮನೆಯ ಹಿತ್ತಲಿಗೆ ಹೋಗಿ, ಬಾಳೆ ಬುಡದಲ್ಲಿ ಕೈಯಾಡಿಸಿ ಆ ತಾಯತ ಹುಡುಕಿ ತೆಗೆದರು. ತೊಳೆದು, ಹೊಸ ಕರಿ ನೂಲು ಪೋಣಿಸಿ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಅದನ್ನು ಮಗುವಿಗೆ ಕಟ್ಟಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಎಲೆ ಅಡಿಕೆ ತಟ್ಟೆ ಮುಂದೆ ಸರಿಸಿದರು. ಮರುದಿನದಿಂದ ದೋಣಿ ಸೋರುವುದು ನಿಂತಿತು. ತಾಯತ ಹುಡುಕಿ ಕೊಟ್ಟಿದ್ದು ಗೊತ್ತಾದರೆ ಮೇಲಿನವರು ಅಮ್ಮನನ್ನು ಏನು ಅನ್ನುತ್ತಿದ್ದರೋ. ಅಪ್ಪ ಬರೆದು ಕಳಿಸುವ ತಿಂಗಳ ವರದಿಯಲ್ಲಿ ಅದು ಇರಲಿಲ್ಲ.

ಈಗಿನ ಕಾನೂನಿನ ಬಗ್ಗೆಯೂ ಕೇಳುತ್ತಾರೆ. ಕರ್ನಾಟಕದ 2022ರ ಮತಾಂತರ ಕಾಯ್ದೆಯಲ್ಲಿ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಬಂತು. 2023ರಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಊರಿಗೊಂದು ಕಾನೂನು ಇತ್ತು, ದೋಣಿಯವರ ಕೈಯಲ್ಲಿ.

ವಿದೇಶದಿಂದ ದುಡ್ಡು ಬರ್ತಿತ್ತಂತೆ?

ಬರುತ್ತಿದ್ದರೆ ನಾನು ಒಂದೇ ಲಂಗದಲ್ಲಿ ಎರಡು ವರ್ಷ ಕಳೆಯುತ್ತಿರಲಿಲ್ಲ. ಹೊರದೇಶದ ಹಣಕ್ಕೆ 1976ರಲ್ಲೇ ಕಾನೂನು ಬಂದಿತ್ತು, ದೊಡ್ಡ ಸಂಸ್ಥೆಗಳ ಲೆಕ್ಕ ಬೇರೆ. ನಮ್ಮದು ಸಭೆಯ ಕಾಣಿಕೆಯಿಂದ ಬರುವ ಪಗಾರ. ಬೇರೆ ಊರಿನ ಸಭೆಗಳಲ್ಲಿ ಹೆಂಗಸರು ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದಿಡುತ್ತಾರೆ, 'ಹಿಡಿ ಅಕ್ಕಿ' ಅಂತ. ಅದನ್ನು ಮಾರಿದ ದುಡ್ಡೂ ಅದರಲ್ಲಿ ಸೇರುತ್ತಿತ್ತು. ಮನಿ ಆರ್ಡರಿನಲ್ಲಿ ಬರುತ್ತಿತ್ತು, ಮಳೆಗಾಲದಲ್ಲಿ ಎರಡು ಮೂರು ತಿಂಗಳದ್ದು ಒಟ್ಟಿಗೆ. ಅಲ್ಲಿಯವರೆಗೆ ಅಂಗಡಿಯಲ್ಲಿ ಉದ್ದರಿ.

ಅಮ್ಮ ಏನು ಮಾಡ್ತಿದ್ರು?

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಾನೇ ಸೇರಿಸಿದ್ದೇನೆ.

ಮಿಷನರಿ ಕುಟುಂಬ ಅಂತ ಕಾಗದದಲ್ಲಿ ಬರೆಯುತ್ತಾರೆ, ಪಗಾರ ಮಾತ್ರ ಒಬ್ಬರಿಗೆ. ಅಪ್ಪ ಭಾನುವಾರ ಮಾತಾಡುತ್ತಿದ್ದರು. ಸೋಮವಾರದಿಂದ ಶನಿವಾರ ಅಮ್ಮನದು. ಬೆಳಿಗ್ಗೆ ಗಾಯ, ಕಜ್ಜಿ, ಜ್ವರ ಅಂತ ಬಂದವರಿಗೆ ಕೆಂಪು ಔಷಧಿ, ಮಾತ್ರೆ. ಮಧ್ಯಾಹ್ನ ಪತ್ರ ಓದಿಸಿಕೊಳ್ಳಲು ಬರುವ ಹೆಂಗಸರು. ಗಂಡ ಗೋವೆಯಲ್ಲೋ ಮಹಾರಾಷ್ಟ್ರದ ಕಡೆಯಲ್ಲೋ ಕೂಲಿಗೆ ಹೋದವರು. ಆ ಪತ್ರಗಳಲ್ಲಿ ಇದ್ದದ್ದನ್ನು ಅಮ್ಮ ಎಂದೂ ನಮ್ಮ ಹತ್ತಿರವೂ ಹೇಳಲಿಲ್ಲ. ಕೆಲವು ಸಲ ಇದ್ದದ್ದನ್ನು ಪೂರ್ತಿ ಓದಲಿಲ್ಲ ಅಂತಲೂ ನನಗೆ ಗುಮಾನಿ.

ವಾಂತಿಭೇದಿಗೆ ಸಕ್ಕರೆ ಉಪ್ಪಿನ ನೀರು ಕಲಿಸಿದ್ದು ನೋಡಿ. ಲೆಕ್ಕ ಸುಲಭ: ಕಾಯಿಸಿ ಆರಿಸಿದ ಒಂದು ಲೀಟರ್ ನೀರು, 6 ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಆದರೆ ಆ ಮನೆಗಳಲ್ಲಿ ಲೀಟರೂ ಇಲ್ಲ, ಚಮಚವೂ ಇಲ್ಲ. ಅಮ್ಮ ಅಂಕೋಲೆಯಿಂದ ಅಳತೆಯ ಪಾವು ತಂದು, ಮನೆಮನೆಗೆ ಹೋಗಿ, ಪ್ರತಿ ಮನೆಯ ತಂಬಿಗೆಯ ಒಳಗೆ ಒಂದು ಲೀಟರ್ ಬರುವ ಕಡೆ ಮೊಳೆಯಿಂದ ಗೀರು ಹಾಕಿದರು. ಚಮಚದ ಬದಲು ತಮ್ಮ ಒಂದೇ ಚಮಚವನ್ನು ಒಯ್ದು, ಅದರಷ್ಟು ಹಿಡಿಯುವ ಚಿಪ್ಪನ್ನು ಹೊಳೆದಡದಲ್ಲಿ ಆರಿಸಿ ಕೊಟ್ಟರು. ಕೊನೆಗೆ ನಾಲಿಗೆಯ ಪರೀಕ್ಷೆ: ಕಣ್ಣೀರಿಗಿಂತ ಜಾಸ್ತಿ ಉಪ್ಪಾಗಬಾರದು. ಕಣ್ಣೀರಿನ ರುಚಿ ಅಲ್ಲಿ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಸಂಜೆ ಹೊಲಿಗೆ ಕ್ಲಾಸು. ಇಲ್ಲಿ ಒಂದು ಸೂಕ್ಷ್ಮ ಇದೆ. ಹಾಲಕ್ಕಿ ಅಜ್ಜಿಯರು ಕುಪ್ಪಸ ತೊಡುವವರಲ್ಲ. ಕೊರಳ ತುಂಬ ಮಣಿಸರ, ಅವರದ್ದೇ ಬಗೆಯ ಸೀರೆ ಕಟ್ಟು. ಮಿಷನ್ನಿನವರು ಹೋದಲ್ಲೆಲ್ಲ ಮೊದಲು ಮೈ ಮುಚ್ಚಿಸಿದರು ಅಂತ ಓದಿದವರು ಹೇಳುತ್ತಾರೆ, ಅದು ಸುಳ್ಳಲ್ಲ. ಅಮ್ಮ ಯಾರಿಗೂ ತೊಡಿ ಅನ್ನಲಿಲ್ಲ. ಪೇಟೆಗೆ, ಬಸ್ಸಿಗೆ ಹೋಗುವ ಹುಡುಗಿಯರೇ ಹೊಲಿದುಕೊಡಿ ಅಂತ ಬಂದರು. ಅಜ್ಜಿಯರು ಜಗಲಿಯ ಕೆಳಗೆ ನಿಂತು ನಗುತ್ತಿದ್ದರು: "ಬೆವರೂಕೆ ಎರಡೆರಡು ಬಟ್ಟೆ ಎಂತಕೆ ಅಕ್ಕೋರೆ?" ಅಮ್ಮನ ಹತ್ತಿರ ಉತ್ತರ ಇರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಅಂಕೋಲೆಯಲ್ಲಿ ನಿಂತು ನೋಡಿ, ನಿಮ್ಮ ಹತ್ತಿರವೂ ಇರುವುದಿಲ್ಲ.

ಹಿಂದಿನ ಮಿಷನರಿಗಳ ಹೆಂಡತಿಯರೂ ಹೀಗೇನಾ?

ಇನ್ನೂ ಕಷ್ಟ. ಬಾಸೆಲ್ ಮಿಷನ್ನಿನ ಗಂಡಸರು ಮದುವೆಯಾಗಬೇಕಾದರೆ ಕಮಿಟಿಯ ಅಪ್ಪಣೆ ಬೇಕಿತ್ತು. ಹೆಣ್ಣು ಹಡಗು ಹತ್ತಿ ಬರುತ್ತಿದ್ದಳು, ಎಷ್ಟೋ ಸಲ ಗಂಡನ ಮುಖ ಸರಿಯಾಗಿ ನೋಡದೆ. ಅದೇ ಮಿಷನ್ನಿನ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು, 70 ಸಾವಿರದಷ್ಟು ಪದ, ಬೆಂಗಳೂರಿನಲ್ಲಿ ಅವರ ಪ್ರತಿಮೆಯೂ ಇದೆ. ಅವರ ಹೆಂಡತಿ ಪೌಲಿನೆ 1864ರಲ್ಲೇ ತೀರಿಕೊಂಡರು, ಆಮೇಲೆ ಅವರು ಮದುವೆಯಾದದ್ದು ಪೌಲಿನೆಯ ಸಹೋದರಿ ಯೂಲಿಯೆಯನ್ನು. ಅಕ್ಕತಂಗಿಯರಿಬ್ಬರ ಹೆಸರು ಎಷ್ಟು ಜನ ಕನ್ನಡಿಗರಿಗೆ ಗೊತ್ತು? ನಿಘಂಟಿನಲ್ಲಿ ಸಂಸಾರ ಅನ್ನುವ ಪದಕ್ಕೆ ಅರ್ಥ ಇದೆ. ಸಂಸಾರ ನಡೆಸಿದವರ ಸುದ್ದಿ ಇಲ್ಲ.

ನಿಮ್ಮ ಓದು?

ನಾಲ್ಕನೇ ಕ್ಲಾಸಿನವರೆಗೆ ಊರ ಶಾಲೆ. ಆಮೇಲೆ ಸಿರ್ಸಿಯ ಒಂದು ಹಾಸ್ಟೆಲ್. ಕುಮಟೆಗೆ ಬಂದು, ದೇವಿಮನೆ ಘಟ್ಟ ಹತ್ತಿ, ಮೂರು ಸಲ ವಾಂತಿ ಮಾಡಿ ತಲುಪಿದಾಗ ನನಗೆ 10 ವರ್ಷ. ವಾರ್ಡನ್ ಮೊದಲ ದಿನವೇ ಅಮ್ಮ ಕಟ್ಟಿಕೊಟ್ಟ ಒಣಮೀನಿನ ಪೊಟ್ಟಣ ತೆಗೆದು ಹೊರಗೆಸೆದರು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಹೋಗಬಾರದು ಅಂತ ಕಟ್ಟಪ್ಪಣೆ. ಹಿಂದಿನ ಗೋಡೆ ಹಾರಿ ಹೋದೆವು. ತೊಟ್ಟಿಲು ಹತ್ತಿದ್ದು, ಬಳೆ ತೊಟ್ಟಿದ್ದು, ಬಂದು ಪೆಟ್ಟು ತಿಂದಿದ್ದು ಮೂರೂ ನೆನಪಿದೆ. ದೇವಿಯ ಮುಖ ಜನರ ನಡುವೆ ಕಾಣಲಿಲ್ಲ.

ನಾನು ಹತ್ತು ವರ್ಷಕ್ಕೆ ಮನೆ ಬಿಟ್ಟೆ ಅಂತ ಅಳುತ್ತಿದ್ದಾಗ ಅಪ್ಪ ಹೇಳಿದ್ದು: ಬಿಳಿ ಮಿಷನರಿಗಳ ಮಕ್ಕಳು ಆರು ವರ್ಷಕ್ಕೇ ಹೋಗುತ್ತಿದ್ದರು. ನಿಜವೇ. 1853ರಲ್ಲಿ ಬಾಸೆಲಿನಲ್ಲಿ ಅವರಿಗಾಗಿ ಒಂದು ಮಕ್ಕಳ ಮನೆ ತೆರೆದರು. ಅಪ್ಪ ಅಮ್ಮ ಇಲ್ಲಿ ಪರರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಾಗ ಅವರ ಮಕ್ಕಳು ಅಲ್ಲಿ ಅವರಿಗೆ ಪತ್ರ ಬರೆಯಲು ಕಲಿಯುತ್ತಿದ್ದರು. ಮಲಯಾಳದ ನಿಘಂಟು ಮಾಡಿದ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಚಿಕ್ಕವಳಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟುಬಂದರು. ಅಪ್ಪ ಅಮ್ಮನ ಹತ್ತಿರ ವಾಪಸು ಬಂದದ್ದು 1857ರಲ್ಲಿ, 15 ವರ್ಷಕ್ಕೆ. ಮುಂದೆ ಮರೀಯ ಮಗ, ಜರ್ಮನ್ ಲೇಖಕ ಹರ್ಮನ್ ಹೆಸ್ಸೆಗೆ ನೊಬೆಲ್ ಬಂತು. ಅಪ್ಪ ಈ ಕತೆ ಹೇಳಿದ್ದು ನನಗೆ ಸಮಾಧಾನ ಆಗಲಿ ಅಂತ. ಹತ್ತು ವರ್ಷದ ಹುಡುಗಿಗೆ ಇದರಿಂದ ಹೇಗೆ ಸಮಾಧಾನ ಆಗುತ್ತದೆ ಅಂತ ಅವರು ಯೋಚಿಸಲಿಲ್ಲ. ಅಮ್ಮ ಏನೂ ಹೇಳದೆ ನನ್ನ ಟ್ರಂಕಿಗೆ ಇನ್ನೊಂದು ಮೀನಿನ ಪೊಟ್ಟಣ ತುರುಕಿದರು.

ಹುಲಿ ನೋಡಿದ್ದೀರಾ?

ಇಲ್ಲ. ಹಂದಿ, ಮಂಗ, ಹಾವು. ಹೆಚ್ಚಾಗಿ ಮಂಗ.

ಈಗಲೂ ನಂಬ್ತೀರಾ?

ಭಾನುವಾರ ಆರಾಧನೆಗೆ ಹೋಗುತ್ತೇನೆ. ಹಿರಿಯ ಮಗನ ವಿಷಯದಲ್ಲಿ ಮಾತ್ರ ಊರಿನ ಪರ.

ಹೊರಟದ್ದು ಯಾಕೆ?

1992ರಲ್ಲಿ ಅಪ್ಪನಿಗೆ ಬೇರೆ ಕಡೆ ವರ್ಗವಾಯಿತು. ಬೀಳ್ಕೊಡುಗೆ ಪೇಟೆಯ ಸಭೆಯಲ್ಲಿ. ಅಪ್ಪನಿಗೆ ಶಾಲು, ಹಣ್ಣಿನ ಬುಟ್ಟಿ, ಮಾನಪತ್ರ. ಅದರಲ್ಲಿ ಅಮ್ಮನ ಹೆಸರು ಇರಲಿಲ್ಲ, 'ಸಕುಟುಂಬ' ಅಂತಿತ್ತು. ಎರಡು ದಿನ ಬಿಟ್ಟು ಮೇಲಿನ ಆಫೀಸಿನಿಂದ ಒಂದು ಕಾಗದ ಬಂತು: ಹೊಲಿಗೆ ಮಶೀನು ಸಂಸ್ಥೆಯ ಆಸ್ತಿ, ಪಟ್ಟಿಯ ಪ್ರಕಾರ ಮರಳಿಸತಕ್ಕದ್ದು. ಅಮ್ಮ ಅದನ್ನು ಬಿಚ್ಚಿ, ಎಣ್ಣೆ ಬಿಟ್ಟು, ಹಳೆ ಸೀರೆಯಲ್ಲಿ ಸುತ್ತಿ ಕಟ್ಟಿದರು. ದೋಣಿಯವರೇ ತಲೆಯ ಮೇಲೆ ಹೊತ್ತು ದಾಟಿಸಿದರು. ಪಟ್ಟಿಯಲ್ಲಿ ಎರಡು ಬಾಬಿನ್ ಅಂತಿತ್ತು, ಒಂದೇ ಸಿಕ್ಕಿತು. ಆ ಇನ್ನೊಂದರ ಬಗ್ಗೆ ಮತ್ತೊಂದು ಕಾಗದ ಬಂತು.

ಆ ಮನೆ ಈಗ ಇದೆಯಾ?

2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿ ಬಂದಾಗ ಗೋಡೆ ಕುಸಿಯಿತು. ಹೋಗಿ ನೋಡಿದೆ. ಹೆಂಚುಗಳಲ್ಲಿ ಗಟ್ಟಿ ಇದ್ದವನ್ನು ಊರವರು ಆರಿಸಿ ದನದ ಕೊಟ್ಟಿಗೆಗಳಿಗೆ ಹೊದೆಸಿಕೊಂಡಿದ್ದಾರೆ. ಒಳ್ಳೆಯದೇ ಆಯಿತು.

ಆಗಿನ ಫೋಟೋ, ದಾಖಲೆ ಏನಾದ್ರೂ ಉಂಟಾ?

ಎರಡು ಫೋಟೋ, ಎರಡಕ್ಕೂ ಬೂಷ್ಟು ಹಿಡಿದಿದೆ. ಅಪ್ಪನ ಹನ್ನೊಂದು ಡೈರಿಗಳಿವೆ. ಪ್ರತಿ ಭಾನುವಾರ ವಚನದ ಸಂಖ್ಯೆ, ಬಂದವರ ಲೆಕ್ಕ. "ಹಾಜರಿ 7." "ಹಾಜರಿ 5, ಮಳೆ." "ಹಾಜರಿ 4." ಎಲ್ಲಕ್ಕಿಂತ ದೊಡ್ಡ ಸಂಖ್ಯೆ 31, ಅದು ಕಡುಬಿನ ಕ್ರಿಸ್ಮಸ್.

ಅಮ್ಮನದು ಒಂದೇ ಪುಸ್ತಕ, ಇನ್ನೂರು ಪುಟದ ಅಂಗಡಿ ಲೆಕ್ಕದ ಪುಸ್ತಕ. ಅದರಲ್ಲಿ ಕುಪ್ಪಸದ ಅಳತೆಗಳು. ಒಂದೊಂದು ಹೆಂಗಸಿಗೆ ಅರ್ಧ ಪುಟ: ಎದೆ, ಸೊಂಟ, ತೋಳು, ಭುಜ, ಉದ್ದ. ಬಸುರಿಯಾದಾಗ ಹಳೆ ಅಂಕಿ ಹೊಡೆದು ಹೊಸದು, ಹೆತ್ತ ಮೇಲೆ ಮತ್ತೆ ಹಳೆಯದು, ಒಂದು ಬೇನೆ ಬಿದ್ದ ವರ್ಷ ಎರಡಿಂಚು ಕಡಿಮೆ. ಊರಿನ ಮುಕ್ಕಾಲು ಪಾಲು ಹೆಂಗಸರು ಅದರಲ್ಲಿದ್ದಾರೆ. ಕೊನೆಯ ಪುಟದಲ್ಲಿ ತಾಯತದ ಮನೆಯ ಅಜ್ಜಿಯ ಹೆಸರಿದೆ. ಎದೆ 30, ಭುಜ 12, ತೋಳು ಅಂತ ಬರೆದು ಮುಂದೆ ಏನೂ ಇಲ್ಲ. ಅದರ ಕೆಳಗೆ ಅಮ್ಮನ ಸಣ್ಣ ಅಕ್ಷರದಲ್ಲಿ: "ಬೇಡ ಅಂದರು. ನಕ್ಕರು."